ಮೀಟರ್ ಎಲ್ಲಿ ಕೂಡಿಸಬೇಕು?

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಮಹಾಗಾಂವ ಕ್ರಾಸ್‌ತನಕ ಎರಡೂ ಮಗ್ಗುಲಿಗೆ ಕರಿ ಎರೆ. ಮಾರ್ಚ್ ಬಂತೆಂದರೆ ತೊಗರಿ ಕಟ್ಟಿಗೆ ಬಣವೆ ಸೇರಿರುತ್ತದೆ, ಬರಿ ಹೊಲ ಬಿರುಕು ಬಿಟ್ಟು ಬಾಯಿ ತೆರೆದಿರುತ್ತದೆ. ಮುಂದೆ ನೆಲ ಏರಿಳಿಯತೊಡಗುತ್ತದೆ, ಮಣ್ಣು ಕೆಂಪಗಾಗುತ್ತದೆ, ಕುರುಚಲು ಗುಡ್ಡಗಳ ನಡುವಿನ ತಗ್ಗಿನಲ್ಲಿ ಕಣ್ಣಿಗೆ ಹೊಡೆಯುವಂಥ ಹಸಿರು. ಕಮಲಾಪುರದ ಕೆಂಪು ಬಾಳೆ ಅದು. ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ, ಗೊನೆ ಕೈಗೆ ಬರಲು ಒಂದೂವರೆ ವರ್ಷ ಕಾಯಿಸುವ ಬಾಳೆ. ಹದಿನೆಂಟು ತಿಂಗಳಲ್ಲಿ ಎರಡು ಬೇಸಿಗೆ ಸಿಕ್ಕಿಬಿಡಬಹುದು. ಆ ಬೇಸಿಗೆಗಳಲ್ಲಿ ಗಿಡ ಉಳಿಯಬೇಕೆಂದರೆ ನೀರು, ನೀರು ಬೇಕೆಂದರೆ ಕರೆಂಟು.

ತೋಟದ ಮೂಲೆಯಲ್ಲಿ ಕಲ್ಲುಕಂಬಕ್ಕೆ ಬಿಗಿದ ತಗಡಿನ ಪೆಟ್ಟಿಗೆ. ಒಳಗೆ ಸ್ಟಾರ್ಟರ್, ಮೂರು ಫ್ಯೂಜು, ಒಂದು ಹಲ್ಲಿ, ಮತ್ತು ಕರೆಂಟು ಬಂದ ಕೂಡಲೇ ತಾನಾಗಿ ಪಂಪು ಎಬ್ಬಿಸುವ ಆಟೊ ಸ್ಟಾರ್ಟರ್. ತ್ರೀ ಫೇಸ್ ಯಾವ ಹೊತ್ತಿಗೆ ಬಂದೀತೆಂದು ಕಾಯ್ದು ಕೂಡುವ ಕಷ್ಟ ಇದರಿಂದ ತಪ್ಪಿದೆ. ಪೆಟ್ಟಿಗೆಯಲ್ಲಿ ಇಲ್ಲದ್ದು ಒಂದೇ, ಮೀಟರ್.

‘ಮುತ್ಯಾ, ದಿನಕ್ಕ ಎಷ್ಟು ಯೂನಿಟ್ ಹೋಗ್ತದ್ರಿ ಇದಕ?’ ಎಂದು ಕೇಳಿದರೆ, ತಲೆಗೆ ಟವೆಲ್ ಸುತ್ತಿದ ಹಿರಿಯರು ನಗುತ್ತಾರೆ. ‘ಬಿಲ್ಲೇ ಬರಲ್ಲ ಅಂದಮ್ಯಾಗ ಯೂನಿಟ್ ತಗೊಂಡು ಏನ್ ಮಾಡ್ಲಿ? ಪಂಪು ಐದು ಎಚ್‌ಪಿ ಅಂತ ಬರಸೀವಿ. ನೀರು ಕೆಳಗ ಹೋದಂಗ ಅದರ ಹೊಟ್ಟಿ ದೊಡ್ಡದಾಗ್ಯಾದ.’

2008ರಿಂದ ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ವಿದ್ಯುತ್ತು ಉಚಿತ. ರೈತನಿಗೆ ಉಚಿತವಾದದ್ದು ಸರ್ಕಾರಕ್ಕೆ ಉಚಿತವಲ್ಲ. ಅದರ ದುಡ್ಡು ಸಬ್ಸಿಡಿಯಾಗಿ ಇಲ್ಲಿಯ ವಿದ್ಯುತ್ ಕಂಪನಿ ಜೆಸ್ಕಾಂಗೆ ಹೋಗಬೇಕು, ಹೋಗಬೇಕೆಂದರೆ ಎಷ್ಟು ಯೂನಿಟ್ ಎಂದು ಯಾರಾದರೂ ಹೇಳಬೇಕು. ಮೀಟರ್ ಇಲ್ಲದ ಕಡೆ ಯೂನಿಟ್ ಎಣಿಸಿದ ಬಗೆ ಹೀಗಿತ್ತು: ಅಲ್ಲೊಂದು ಇಲ್ಲೊಂದು ಟಿಸಿ (ಟ್ರಾನ್ಸ್‌ಫಾರ್ಮರ್) ಆರಿಸಿ ಅದಕ್ಕೆ ಮೀಟರ್ ಕೂಡಿಸುವುದು, ಬಂದ ಅಂಕಿಯನ್ನು ಅದರ ಕೆಳಗಿನ ಪಂಪುಗಳಿಗೆ ಹಂಚುವುದು, ಆ ಸರಾಸರಿಯಿಂದ ಉಳಿದೆಲ್ಲ ಪಂಪುಗಳನ್ನು ಗುಣಿಸುವುದು. ಆರಿಸಿದ ಟಿಸಿಯ ಕೆಳಗೆ ಬಾವಿ ತುಂಬಿದ್ದರೆ ಒಂದು ಲೆಕ್ಕ, ಬೋರು ಬತ್ತಿ ಪಂಪು ಸುಮ್ಮನಿದ್ದರೆ ಇನ್ನೊಂದು. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಲೈನು ಬೇರೆ, ಹೊಲದ ಲೈನು ಬೇರೆ ಆದ ಮೇಲೆ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಹೇಳಿದ್ದು: ಫೀಡರ್ ಬುಡದಲ್ಲೇ ಅಳೆಯಿರಿ, ಹಾದಿಯಲ್ಲಿ ಸೋರಿಹೋದದ್ದನ್ನು ಕಳೆದು ಉಳಿದದ್ದನ್ನು ಪಂಪಿನ ಖಾತೆಗೆ ಬರೆಯಿರಿ. ಮೀಟರು ಟಿಸಿಯಿಂದ ಸಬ್‌ಸ್ಟೇಷನ್ನಿಗೆ ಸರಿಯಿತು. ಪಂಪುಗಳು ಅವೇ, ನೀರು ಅದೇ, ಎಣಿಕೆ ಮಾತ್ರ ಬೇರೆ.

ಈ ಪುರಾಣವೆಲ್ಲ ಸೂಪರ್‌ಕಂಪ್ಯೂಟರ್ ಬಗ್ಗೆ ಬರೆಯಲು ಕೂತವನಿಗೆ ಯಾಕೆ ಬೇಕಿತ್ತು ಎನ್ನಬಹುದು. ಪೆಟ್ಟಿಗೆಯ ಪಕ್ಕದಲ್ಲೇ ಆ ಹಿರಿಯರ ಮೊಮ್ಮಗ ಮೊಬೈಲಿನಲ್ಲಿ ಮಳೆ ನೋಡುತ್ತಿರುತ್ತಾನೆ. ಗಾಳಿ ಬೀಸಿದರೆ ಗೊನೆ ತುಂಬಿದ ಬಾಳೆ ನೆಲಕ್ಕೆ. ಆ ಹುಡುಗ ನೋಡುವ ಮುನ್ಸೂಚನೆಯ ಹಿಂದೆ ದುಡಿಯುವ ಯಂತ್ರ ಪುಣೆಯಲ್ಲಿದೆ. ರೈಲು ಹತ್ತಿದರೆ ಕಲಬುರಗಿಯವರಿಗೆ ಬೆಂಗಳೂರಿಗಿಂತ ಹತ್ತಿರದ ಊರು. ಅಲ್ಲಿನ ಉಷ್ಣವಲಯ ಪವನವಿಜ್ಞಾನ ಸಂಸ್ಥೆಗೆ 2024ರ ಸೆಪ್ಟೆಂಬರ್‌ನಲ್ಲಿ ‘ಅರ್ಕ’ ಬಂತು, 11.77 ಪೆಟಾಫ್ಲಾಪ್ ಸಾಮರ್ಥ್ಯದ್ದು. ಮರುವರ್ಷ ಮೇ 26ರಂದು ಅದರ ಮೇಲೆ ಓಡುವ ‘ಭಾರತ್ ಫೋರ್‌ಕಾಸ್ಟಿಂಗ್ ಸಿಸ್ಟಮ್’ ಬಳಕೆಗೆ ಬಂತು. ಹಳೆಯ ಮಾದರಿ ದೇಶವನ್ನು 12 ಕಿಲೋಮೀಟರ್ ಚೌಕಗಳಾಗಿ ಕತ್ತರಿಸುತ್ತಿತ್ತು, ಇದು 6 ಕಿಲೋಮೀಟರಿಗೆ ಇಳಿಸಿತು. ಕಲಬುರಗಿಗೂ ಕಮಲಾಪುರಕ್ಕೂ ನಡುವೆ ಮೊದಲು ಮೂರು ಚೌಕ ಹಿಡಿಯುತ್ತಿದ್ದರೆ ಈಗ ಆರು. ಮಹಾಗಾಂವದಲ್ಲಿ ಮಳೆ, ಕಮಲಾಪುರದಲ್ಲಿ ಧೂಳು ಎನ್ನುವ ನಮ್ಮ ಕಡೆಯ ಮಾಮೂಲಿ ಸಂಗತಿಯನ್ನು ಗಣಿತ ಹಿಡಿಯಬೇಕೆಂದರೆ ಚೌಕ ಸಣ್ಣದಾಗಲೇಬೇಕು. ಆದರೆ ಚೌಕದ ಬದಿ ಅರ್ಧವಾದರೆ ಸಾಮಾನ್ಯ ಲೆಕ್ಕದಲ್ಲಿ ಗಣನೆ ಸುಮಾರು ಎಂಟು ಪಟ್ಟು: ಉದ್ದಕ್ಕೆ ಎರಡು, ಅಗಲಕ್ಕೆ ಎರಡು, ಕಾಲದ ಹೆಜ್ಜೆಯೂ ಅರ್ಧವಾಗುವುದರಿಂದ ಮತ್ತೆರಡು. ಗಣನೆ ಎಂಟು ಪಟ್ಟಾದರೆ ಕರೆಂಟು?

ಪೆಟಾಫ್ಲಾಪ್ ಎಂದರೆ ಸೆಕೆಂಡಿಗೆ ಒಂದರ ಮುಂದೆ ಹದಿನೈದು ಸೊನ್ನೆಯಷ್ಟು ಕೂಡು-ಗುಣಿಸು. ಅದರ ಸಾವಿರ ಪಟ್ಟು ಎಕ್ಸಾಫ್ಲಾಪ್. 2022ರ ಮೇ ತಿಂಗಳಲ್ಲಿ ಅಮೆರಿಕದ ಓಕ್ ರಿಜ್‌ನ ‘ಫ್ರಾಂಟಿಯರ್’ ಅಳತೆಯ ಓಟದಲ್ಲಿ ಈ ಗೆರೆ ದಾಟಿದಾಗ ಹೀರಿದ್ದು 21.1 ಮೆಗಾವ್ಯಾಟ್. ನಮ್ಮ ಭಾಷೆಗೆ ತಂದರೆ ಗಂಟೆಗೆ 21,100 ಯೂನಿಟ್. ಮನೆಗಳಿಗೆ ಉಚಿತ ವಿದ್ಯುತ್ತು ಕೊಡುವ ಗೃಹಜ್ಯೋತಿ ಯೋಜನೆಯ ಗರಿಷ್ಠ ಮಿತಿ ತಿಂಗಳಿಗೆ 200 ಯೂನಿಟ್. ನೂರು ಮನೆಗಳ ತಿಂಗಳ ಪಾಲನ್ನು ಆ ಯಂತ್ರ ಒಂದು ತಾಸಿನಲ್ಲಿ ಮುಗಿಸಿ ಮುಂದಿನ ಐದು ಮನೆಗಳ ಪಾಲಿಗೂ ಕೈಹಾಕುತ್ತದೆ.

ಗೃಹಜ್ಯೋತಿಯ ಹೆಸರೆತ್ತಿದ ಮೇಲೆ ಕಲಬುರಗಿಯ ಓಣಿಗೆ ಹೊರಳಬೇಕು, ಯಾಕೆಂದರೆ ಆ ಯೋಜನೆಗೆ ಚಾಲನೆ ಸಿಕ್ಕಿದ್ದೇ ಈ ಊರಲ್ಲಿ, 2023ರ ಆಗಸ್ಟ್ 5ರಂದು. ಬ್ರಹ್ಮಪುರದ ಕಡೆ ಹಳೆಯ ಮನೆಗಳ ಪಡಸಾಲೆ ಗೋಡೆಗಳಲ್ಲಿ ಮೀಟರುಗಳ ಸಾಲು. ಮೇ ತಿಂಗಳು, ಹನ್ನೊಂದಕ್ಕೇ ಓಣಿ ಖಾಲಿ. ಕಿಟಕಿ ಕಿಟಕಿಗೂ ಕೂಲರ್, ಅದರ ಹುಲ್ಲಿನ ಪರದೆಯಿಂದ ಸೋರಿದ ನೀರಿಗೆ ಗುಬ್ಬಿಗಳ ಜಗಳ. ಕೊರಳಿಗೆ ಬಿಲ್ಲಿನ ಯಂತ್ರ ತೂಗುಹಾಕಿಕೊಂಡ ಮೀಟರ್ ರೀಡರ್ ಅಂಗೈಯಲ್ಲಿ ಬಿಸಿಲು ಮರೆಮಾಡಿ ಅಂಕಿ ಓದುತ್ತಾನೆ.

‘ಯಣ್ಣಾ, ಎಷ್ಟು ಬಂದದ?’ ಬಾಗಿಲ ಮರೆಯಿಂದ ಕೇಳುತ್ತಾಳೆ ಮನೆಯಾಕೆ.

‘ಇನ್ನೂರು ದಾಟ್ಯಾದ್ರಿ ಅಕ್ಕೋರೆ. ಈ ಸಲ ಪೂರಾ ಕಟ್ಟಬೇಕು.’

‘ಬ್ಯಾಸಗಿಗೆ ಕೂಲರ್ ಹಚ್ಚಲಾರದೆ ಸಾಯಬೇಕೇನು?’

ಆಕೆಯ ಪ್ರಶ್ನೆಯಲ್ಲಿ ಸಿಟ್ಟಿನ ಜೊತೆ ಗಣಿತವೂ ಇದೆ. ಉಚಿತದ ಪಾಲು ಗೊತ್ತುಮಾಡಿದ್ದು 2022-23ರ ಇಡೀ ವರ್ಷದ ಸರಾಸರಿ ಹಿಡಿದು, ಅದರ ಮೇಲೆ ಶೇ 10 ಸೇರಿಸಿ. ಇಲ್ಲಿಯ ಮನೆಯ ಡಿಸೆಂಬರ್ ಬೇರೆ, ಮೇ ಬೇರೆ. ವರ್ಷದ ಸರಾಸರಿ ಇವೆರಡರ ನಡುವೆ ಎಲ್ಲೋ ಕೂತಿರುತ್ತದೆ, ಮೇ ತಿಂಗಳಿಗೆ ಅದು ಸಾಲದು. ಆದರೂ ಇಡೀ ವರ್ಷ ಹಿಡಿದದ್ದು ಒಂದು ನ್ಯಾಯ. ಬರೀ ಚಳಿಗಾಲದ ಎರಡು ತಿಂಗಳು ಹಿಡಿದಿದ್ದರೆ ಕಲಬುರಗಿಯಷ್ಟು ಮಿತವ್ಯಯದ ಊರು ರಾಜ್ಯದಲ್ಲೇ ಇಲ್ಲ ಎನಿಸುತ್ತಿತ್ತು.

ಸೂಪರ್‌ಕಂಪ್ಯೂಟರ್ ಲೋಕ ಅನೇಕ ವರ್ಷ ಮಾಡಿದ್ದು ಹೆಚ್ಚುಕಡಿಮೆ ಅದನ್ನೇ.

ಮಿತವ್ಯಯದ ಮಾತು ಆ ಲೋಕಕ್ಕೆ ತಡವಾಗಿ ಹೊಕ್ಕಿತು. 2002ರಲ್ಲಿ ಲಾಸ್ ಅಲಮೋಸ್‌ನಲ್ಲಿ ವು-ಚುನ್ ಫೆಂಗ್ ಮತ್ತು ಸಂಗಡಿಗರು ‘ಗ್ರೀನ್ ಡೆಸ್ಟಿನಿ’ ಎಂಬ ಯಂತ್ರ ಕಟ್ಟಿದರು. 240 ಪ್ರೊಸೆಸರ್, ಒಂದು ಕಪಾಟಿನ ಜಾಗ, 3.2 ಕಿಲೋವ್ಯಾಟ್. ಐದು ಎಚ್‌ಪಿ ಪಂಪು ಎಂದರೆ 3.73 ಕಿಲೋವ್ಯಾಟ್. ಅಂದರೆ ಕಮಲಾಪುರದ ಆ ತಗಡಿನ ಪೆಟ್ಟಿಗೆಯ ಲೈನಿನಲ್ಲೇ ಇದು ಓಡುತ್ತಿತ್ತು. ಅದನ್ನು ಇಟ್ಟದ್ದು ಎ.ಸಿ. ಇಲ್ಲದ, ಧೂಳು ತುಂಬಿದ ಗೋದಾಮಿನಲ್ಲಿ, ಮೂವತ್ತು ಡಿಗ್ರಿ ಆಸುಪಾಸಿನ ಸೆಕೆಯಲ್ಲಿ. ಅಷ್ಟು ಬಿಸಿಯಲ್ಲೂ ಕೆಡದೆ ಓಡಿತೆಂದು ಅವರು ಹೆಮ್ಮೆಪಟ್ಟರು. ಮೂವತ್ತು ಡಿಗ್ರಿ! ನಮ್ಮಲ್ಲಿ ಅದು ಹೋಳಿ ಹುಣ್ಣಿಮೆಯ ಬೆಳಗಿನ ತಂಪು. ಆಗ ವೇಗದ ಹುಚ್ಚಿನಲ್ಲಿದ್ದವರಿಗೆ ಈ ಯಂತ್ರ ತಮಾಷೆಯಾಗಿ ಕಂಡಿತು. ಐದು ವರ್ಷದ ನಂತರ, 2007ರ ನವೆಂಬರ್‌ನಲ್ಲಿ ಅದೇ ಫೆಂಗ್, ಕರ್ಕ್ ಕ್ಯಾಮರೂನ್ ಜೊತೆ ವರ್ಜೀನಿಯಾ ಟೆಕ್‌ನಿಂದ ‘ಗ್ರೀನ್ 500’ ಪಟ್ಟಿ ಹೊರಡಿಸಿದರು. ಯಾರು ವೇಗಿ ಎಂದಲ್ಲ, ಒಂದು ವ್ಯಾಟಿಗೆ ಯಾರು ಹೆಚ್ಚು ಲೆಕ್ಕ ಮಾಡುತ್ತಾರೆ ಎಂಬ ಪಟ್ಟಿ. ಮೊದಲ ಸಲ ಅಗ್ರಸ್ಥಾನದಲ್ಲಿದ್ದ ಬ್ರಿಟನ್ನಿನ ಬ್ಲೂ ಜೀನ್ ಯಂತ್ರದ್ದು ವ್ಯಾಟಿಗೆ 0.357 ಗಿಗಾಫ್ಲಾಪ್. 2024ರ ಜೂನ್ ಪಟ್ಟಿಯಲ್ಲಿ ಜರ್ಮನಿಯ ಯೂಲಿಶ್‌ನ ‘ಜೆಡಿ’ 72.73ಕ್ಕೆ ಮುಟ್ಟಿತು. ಇನ್ನೂರು ಪಟ್ಟು.

ಪಟ್ಟಿ ಬಂದ ಮೇಲೆ ಅಳತೆ ಬೇಕಾಯಿತು, ಅಳತೆಗೆ ಕಾನೂನು ಬೇಕಾಯಿತು. ಮೂರು ದರ್ಜೆ ಮಾಡಿದರು. ಒಂದನೇ ದರ್ಜೆ ಆಗ ಎಲ್ಲಕ್ಕಿಂತ ಸಡಿಲ: ಲಿನ್‌ಪ್ಯಾಕ್ ಎಂಬ ಪರೀಕ್ಷೆಯ ಲೆಕ್ಕ ಓಡುವಾಗ ನಡುವಿನ ಭಾಗದಲ್ಲಿ ಐದನೇ ಒಂದು ಪಾಲು ಹೊತ್ತು ಅಳೆದರೆ ಸಾಕು. ಯಂತ್ರದ 64ನೇ ಒಂದು ಪಾಲಿಗೆ, ಇಲ್ಲವೇ ಒಂದು ಕಿಲೋವ್ಯಾಟಿಗಾದರೂ ಮೀಟರ್ ಹಚ್ಚಿದರೆ ಸಾಕು. ಉಳಿದದ್ದನ್ನು ಗುಣಿಸಿಕೊಳ್ಳಿ. ಕಮಲಾಪುರದ ಟಿಸಿ ಲೆಕ್ಕ ನೋಡಿದವರಿಗೆ ಇದರ ರುಚಿ ಗೊತ್ತು.

ಲಿನ್‌ಪ್ಯಾಕ್ ಎನ್ನುವುದು ಭಾರೀ ಸಮೀಕರಣಗಳ ಒಂದು ಕೋಷ್ಟಕವನ್ನು ಬಿಡಿಸುವ ಕೆಲಸ. ಬಿಡಿಸುತ್ತ ಹೋದಂತೆ ಬಾಕಿ ಉಳಿದ ಕೋಷ್ಟಕ ಸಣ್ಣದಾಗುತ್ತದೆ. ಹಳೆಯ ಪ್ರೊಸೆಸರುಗಳಲ್ಲಿ ಇದರಿಂದ ಹೆಚ್ಚೇನೂ ಫರಕು ಬೀಳುತ್ತಿರಲಿಲ್ಲ, ಕೊನೆತನಕ ಕರೆಂಟು ಒಂದೇ ಸಮ. ಗ್ರಾಫಿಕ್ಸ್ ಕಾರ್ಡುಗಳು ಬಂದ ಮೇಲೆ ಚಿತ್ರ ಬದಲಾಯಿತು. ಸಾವಿರಾರು ಕೈಗಳ ಆ ಚಿಪ್ಪುಗಳಿಗೆ ಶುರುವಿನಲ್ಲಿ ಮೈತುಂಬ ಕೆಲಸ, ಕೊನೆಕೊನೆಗೆ ಅರ್ಧ ಕೈ ಖಾಲಿ. ವಿದ್ಯುತ್ತಿನ ಗೆರೆ ಮೊದಲು ಎತ್ತರದಲ್ಲಿ ನಿಂತು ಆಮೇಲೆ ಇಳಿಜಾರು ಹಿಡಿಯುತ್ತದೆ. ಈಗ ಅಳತೆಯ ಹೊತ್ತಿನ ಕಿಟಕಿಯನ್ನು ಆ ಇಳಿಜಾರಿನ ಮೇಲೆ ಇಟ್ಟರೆ? ವೇಗ ಇಡೀ ಓಟದ್ದು, ಕರೆಂಟು ಬಾಲದ್ದು. ಭಾಗಿಸಿದರೆ ಬರುವ ಅಂಕಿ ಬಲು ಹಸಿರು. ಕಾನೂನು ಮುರಿದಂತೆಯೂ ಇಲ್ಲ.

ಇನ್ನು 64ನೇ ಪಾಲು. ಒಂದೇ ಕಾರ್ಖಾನೆಯಿಂದ, ಒಂದೇ ದಿನ ಹೊರಬಂದ ಚಿಪ್ಪುಗಳೂ ಒಂದೇ ಸಮ ಕುಡಿಯುವುದಿಲ್ಲ. ಸಿಲಿಕಾನಿನಲ್ಲಿ ಸೋರಿಕೆ ಹೆಚ್ಚುಕಡಿಮೆ. ಬಿಸಿ ಏರಿದಷ್ಟೂ ಸೋರಿಕೆ ಏರುತ್ತದೆ. ಕಪಾಟಿನ ಕೆಳಗಿನ ಸಾಲಿಗೆ ತಂಪು ಗಾಳಿ ಸಿಕ್ಕರೆ ಮೇಲಿನ ಸಾಲಿನ ಫ್ಯಾನುಗಳು ಜೋರಾಗಿ ತಿರುಗಿ ಅದಕ್ಕೂ ಕರೆಂಟು. ಸಾಧು ಯಂತ್ರಗಳನ್ನು ಆರಿಸಿ ಮೀಟರ್ ಹಚ್ಚಿದವನು ಸುಳ್ಳು ಹೇಳಿದಂತಾಗುವುದಿಲ್ಲ, ಆದರೆ ನಿಜವೂ ಹೊರಬರುವುದಿಲ್ಲ. 2015ರಲ್ಲಿ ಆಸ್ಟಿನ್‌ನಲ್ಲಿ ನಡೆದ ಸೂಪರ್‌ಕಂಪ್ಯೂಟಿಂಗ್ ಸಮ್ಮೇಳನದಲ್ಲಿ ಪಟ್ಟಿಯವರೂ ಅಳತೆಯ ತಂಡದವರೂ ಸೇರಿ ಇದನ್ನೇ ಅಂಕಿಅಂಶ ಸಮೇತ ಮಂಡಿಸಿದರು. ಕಾನೂನು ಬಿಗಿಯಾಯಿತು. ಒಂದನೇ ದರ್ಜೆಗೂ ಈಗ ಓಟದ ಮುಖ್ಯ ಭಾಗವನ್ನು ಪೂರ್ತಿ ಅಳೆಯಬೇಕು. ಹತ್ತನೇ ಒಂದು ಪಾಲು ಯಂತ್ರ, ಅಥವಾ 15 ನೋಡ್, ಅಥವಾ 2 ಕಿಲೋವ್ಯಾಟ್, ಈ ಮೂರರಲ್ಲಿ ಯಾವುದು ದೊಡ್ಡದೋ ಅದಕ್ಕೆ ಮೀಟರ್ ಬೇಕು. ಪಟ್ಟಿಯ ಮೇಲಿನ ಸಾಲಿನವರು ಗೊಣಗಿದರೋ ಇಲ್ಲವೋ, ನನಗಂತೂ ಈ ತಿದ್ದುಪಡಿ ಯಾವುದೇ ಹೊಸ ಚಿಪ್ಪಿಗಿಂತ ದೊಡ್ಡ ಸುಧಾರಣೆಯಾಗಿ ಕಾಣುತ್ತದೆ.

ಮೂರನೇ ದರ್ಜೆಯದು ಕಠಿಣ ವ್ರತ. ಇಡೀ ಯಂತ್ರ, ಅದರ ನೆಟ್‌ವರ್ಕು, ಸಂಗ್ರಹದ ಡಿಸ್ಕು ಎಲ್ಲಕ್ಕೂ ಮೀಟರ್. ಸೆಕೆಂಡಿಗೊಮ್ಮೆ ಇಣುಕಿ ನೋಡಿ ಸರಾಸರಿ ತೆಗೆಯುವುದು ಅಲ್ಲಿ ನಡೆಯುವುದಿಲ್ಲ. ಹರಿದ ಶಕ್ತಿಯನ್ನು ಬಿಡದೆ ಕೂಡುತ್ತಲೇ ಹೋಗಬೇಕು. ಹಾಗೆ ನೋಡಿದರೆ ಬ್ರಹ್ಮಪುರದ ಗೋಡೆಯ ಮೇಲೆ ಇನ್ನೂ ಅಲ್ಲೊಂದು ಇಲ್ಲೊಂದು ಉಳಿದಿರುವ, ಅಲ್ಯೂಮಿನಿಯಂ ಚಕ್ರ ತಿರುಗುವ ಹಳೆಯ ಮೀಟರು ಮೂರನೇ ದರ್ಜೆಯದೇ. ಅದು ಇಣುಕುವುದಿಲ್ಲ, ತಿರುಗುತ್ತದೆ. ಕೂಲರ್ ಹಚ್ಚಿದರೆ ಜೋರಾಗಿ, ಆರಿಸಿದರೆ ನಿಧಾನ, ಯಾವ ಕ್ಷಣವನ್ನೂ ತಪ್ಪಿಸಿಕೊಳ್ಳದೆ. ಅದರ ಜಾಗಕ್ಕೆ ಬಂದ ಎಲೆಕ್ಟ್ರಾನಿಕ್ ಮೀಟರಿನ ಮಿಣುಕು ದೀಪವೂ ಅದೇ ಕೆಲಸದ್ದು. ಎಷ್ಟೋ ಮೀಟರುಗಳ ಮುಖದ ಮೇಲೆ ಯೂನಿಟ್ಟಿಗೆ 3200 ಮಿಣುಕು ಎಂದು ಬರೆದೇ ಇರುತ್ತದೆ. ಜಗತ್ತಿನ ಅತಿವೇಗದ ಯಂತ್ರಗಳನ್ನು ಇಷ್ಟು ಪ್ರಾಮಾಣಿಕವಾಗಿ ಅಳೆಯುವುದು ಅಷ್ಟೇಕೆ ಕಷ್ಟ ಎಂದರೆ, ಎಷ್ಟೋ ಕಡೆ ಕಟ್ಟಡದಲ್ಲಿ ಅವಕ್ಕೆಂದೇ ಬೇರೆ ಲೈನು ಇರುವುದಿಲ್ಲ. ಕಪಾಟು ಕಪಾಟಿಗೂ ಬೇರೆ ಬೇರೆ ಪೂರೈಕೆ, ನೂರಾರು ಕಡೆ ಕರೆಂಟು ಅಳೆಯುವ ಸಿ.ಟಿ. ಕೂಡಿಸಬೇಕು, ಅವೆಲ್ಲ ಒಂದೇ ಗಡಿಯಾರಕ್ಕೆ ಓಗೊಡಬೇಕು. ಯಂತ್ರ ಕೊಳ್ಳುವ ಮೊದಲೇ ಟೆಂಡರಿನಲ್ಲಿ ಬರೆಸಿಕೊಳ್ಳದಿದ್ದರೆ ಆಮೇಲೆ ಆಗದ ಕೆಲಸ.

ಕಲಬುರಗಿಯ ಎಂಜಿನಿಯರಿಂಗ್ ಕಾಲೇಜೊಂದರ ಲ್ಯಾಬಿನಲ್ಲಿ ಇದರ ಪುಟ್ಟ ನಾಟಕ ನೋಡಿದೆ. ಉದ್ದನೆಯ ಬೆಂಚು, ಗೋಡೆಗೆ ಒರಗಿದ ಯುಪಿಎಸ್, ಚಪ್ಪಲಿ ಹೊರಗೆ ಬಿಡಿ ಎಂಬ ಬೋರ್ಡು. ಮೂಲೆಯಲ್ಲಿ ಗ್ರಾಫಿಕ್ಸ್ ಕಾರ್ಡಿನ ಒಂದು ದೊಡ್ಡ ಕಂಪ್ಯೂಟರ್. ಇಬ್ಬರು ವಿದ್ಯಾರ್ಥಿಗಳು ಅದರ ಪ್ಲಗ್ಗಿಗೂ ಗೋಡೆಗೂ ನಡುವೆ ಅಂಗೈಯಗಲದ ವ್ಯಾಟ್ ಮೀಟರ್ ಸಿಕ್ಕಿಸಿ ಲಿನ್‌ಪ್ಯಾಕ್ ಶುರುಮಾಡಿದರು. ಫ್ಯಾನಿನ ಸದ್ದು ಏರಿತು. ತೆರೆಯ ಮೇಲೆ ಕಾರ್ಡು ತಾನೇ ಹೇಳಿಕೊಳ್ಳುವ ವ್ಯಾಟು, ಗೋಡೆಯ ಹತ್ತಿರ ಮೀಟರು ಹೇಳುವ ವ್ಯಾಟು. ಎರಡೂ ಒಂದಾಗಲೇ ಇಲ್ಲ.

‘ಯಾವುದು ಖರೇ ಸರ್?’ ಎಂದ ಒಬ್ಬ.

‘ಎರಡೂ ಖರೇನೆ’ ಎಂದರು ಅವರ ಮೇಷ್ಟ್ರು. ‘ಕಾರ್ಡು ತನ್ನ ಹೊಟ್ಟೆಗೆ ಹೋದದ್ದಷ್ಟೇ ಹೇಳ್ತದ. ಬಿಲ್ ಕಟ್ಟೋನು ನೀನಾದ್ರ ಗೋಡೆ ನೋಡು.’

ಗೋಡೆಯಿಂದ ಚಿಪ್ಪಿನವರೆಗಿನ ಹಾದಿಯಲ್ಲಿ ಪವರ್ ಸಪ್ಲೈ ತನ್ನ ಸುಂಕ ತೆಗೆದುಕೊಳ್ಳುತ್ತದೆ. ಅತ್ಯುತ್ತಮ ದರ್ಜೆಯ ಸಪ್ಲೈ ಕೂಡ ಅರ್ಧ ಹೊರೆಯಲ್ಲಿ ನೂರಕ್ಕೆ ಸುಮಾರು ನಾಲ್ಕು ಪಾಲನ್ನು ಬಿಸಿಯಾಗಿ ಕಳೆಯುತ್ತದೆ. ಅಗ್ಗದ್ದಾದರೆ ಇನ್ನೂ ಹೆಚ್ಚು. ಹಾಗಾಗಿಯೇ ಅಳತೆಯ ಕಾನೂನು ಸಪ್ಲೈಗಿಂತ ಮೊದಲೇ ಮೀಟರ್ ಕೂಡಿಸಿ, ಇಲ್ಲವೇ ಆ ನಷ್ಟವನ್ನು ಲೆಕ್ಕಕ್ಕೆ ಸೇರಿಸಿ ಎನ್ನುತ್ತದೆ. ನಿರಂತರ ಜ್ಯೋತಿಯ ಫೀಡರಿನಲ್ಲಿ ಹಾದಿಯ ಸೋರಿಕೆ ಕಳೆಯುತ್ತಾರೆ, ಇಲ್ಲಿ ಕೂಡಿಸುತ್ತಾರೆ. ಮೀಟರ್ ಯಾವ ತುದಿಯಲ್ಲಿದೆ ಎಂಬುದರ ಮೇಲೆ ಹೋಯಿತು.

ಸುಧಾರಣೆ ನಿಜವಾಗಿ ಎಷ್ಟಾಗಿದೆ ಎಂದು ಕೇಳುವವರಿಗೆ ಪಂಪಿನ ಲೆಕ್ಕವನ್ನೇ ಕೊಡಬಹುದು. 2011ರಲ್ಲಿ ಇಸ್ರೊ ತಿರುವನಂತಪುರದಲ್ಲಿ ‘ಸಾಗಾ-220’ ಕಟ್ಟಿತು. ಘೋಷಿತ ಗರಿಷ್ಠ ವೇಗ 220 ಟೆರಾಫ್ಲಾಪ್, ವಿದ್ಯುತ್ತು 150 ಕಿಲೋವ್ಯಾಟ್, ಅಂದರೆ ನಲವತ್ತು ಪಂಪು ಒಟ್ಟಿಗೆ ಎದ್ದಷ್ಟು. ಆ ಕಾಲಕ್ಕೆ ಅದೇ ಮಿತವ್ಯಯ. ಜೆಡಿಯ ದರದಲ್ಲಿ ಒಂದೇ ಒಂದು ಐದು ಎಚ್‌ಪಿ ಪಂಪಿನ ಕರೆಂಟಿಗೆ 270 ಟೆರಾಫ್ಲಾಪ್ ಸಿಗುತ್ತದೆ. ಆದರೆ ಜೆಡಿಯ ಈ ಅಂಕಿ ಲಿನ್‌ಪ್ಯಾಕ್ ಮಾತು. ಮೋಡದ ಲೆಕ್ಕ ಅಷ್ಟು ಸಲೀಸಲ್ಲ. ಅಲ್ಲಿ ಚಿಪ್ಪುಗಳು ಗುಣಿಸುವುದಕ್ಕಿಂತ ಮೆಮೊರಿಯಿಂದ ಅಂಕಿ ಬರಲಿ ಎಂದು ಕಾಯುವುದೇ ಹೆಚ್ಚು, ಕಾಯುವಾಗಲೂ ಕರೆಂಟು ಕುಡಿಯುತ್ತಲೇ ಇರುತ್ತವೆ. ಕಮಲಾಪುರದ ಹುಡುಗನ ಮೊಬೈಲಿಗೆ ಬರುವ ಒಂದು ಮುನ್ಸೂಚನೆಗೆ ಎಷ್ಟು ಯೂನಿಟ್ ಖರ್ಚಾಯಿತು ಎಂಬ ಅಂಕಿಯೇ ನನ್ನ ಮಟ್ಟಿಗೆ ಸರಿಯಾದ ಅಳತೆ. ಯಾವ ಪಟ್ಟಿಯೂ ಅದರ ಮೇಲೆ ರ‍್ಯಾಂಕು ಕೊಡುವುದಿಲ್ಲ.

ಮೀಟರಿಗೆ ಕಾಣದೆ ಉಳಿಯುವುದು ಇನ್ನೊಂದಿದೆ, ತಂಪು. ಯಂತ್ರದೊಳಗಿನ ಫ್ಯಾನು ಗ್ರೀನ್ 500 ಲೆಕ್ಕಕ್ಕೆ ಬರುತ್ತದೆ. ಕಟ್ಟಡದ ಹೊರಗಿನ ಚಿಲ್ಲರು, ಕೂಲಿಂಗ್ ಟವರು ಬರುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಿಂದ ಓಡುತ್ತಿರುವ 3.3 ಪೆಟಾಫ್ಲಾಪಿನ ‘ಪರಮ್ ಪ್ರವೇಗ’ಕ್ಕೆ ಆ ಊರಿನ ಹವೆಯೇ ಅರ್ಧ ಸಹಾಯ. ಫಿನ್ಲೆಂಡಿನ ಕಾಯಾನಿಯಲ್ಲಿರುವ ‘ಲೂಮಿ’ ಯಂತ್ರದ ಬಿಸಿನೀರು ಊರಿನ ಮನೆಗಳನ್ನು ಬೆಚ್ಚಗಿಡಲು ಹೋಗುತ್ತದೆ, ಆ ಊರಿಗೆ ಬೇಕಾದ ಬಿಸಿಯಲ್ಲಿ ಸುಮಾರು ಐದನೇ ಒಂದು ಪಾಲು ಅದರದ್ದೇ. ಅದೇ ಯಂತ್ರವನ್ನು ಕಲಬುರಗಿಯಲ್ಲಿ ಮೇ ತಿಂಗಳು ನಡೆಸಿದರೂ ಪಟ್ಟಿಯ ಅಂಕಿ ಅಷ್ಟೇನೂ ಅಲುಗದು. ಬಿಸಿನೀರು ತೆಗೆದುಕೊಳ್ಳುವವರು ಮಾತ್ರ ಇಲ್ಲಿ ಯಾರೂ ಸಿಗಲಿಕ್ಕಿಲ್ಲ.

ಹಾಗೆಂದು ಕಲಬುರಗಿ ತೀರ ಕೆಟ್ಟ ಜಾಗವೇನಲ್ಲ. ಇಲ್ಲಿಯ ಬೇಸಿಗೆ ಒಣ ಬೇಸಿಗೆ, ನೀರು ಆವಿಯಾಗಿ ತಂಪು ಕೊಡುವುದಕ್ಕೆ ಮಂಗಳೂರಿಗಿಂತ ಮೇಲು. ಈಗಿನ ಯಂತ್ರಗಳು ಉಗುರುಬೆಚ್ಚಗಿನ ನೀರಿನಲ್ಲೂ ತಂಪಾಗಬಲ್ಲವು, ಚಿಲ್ಲರಿಲ್ಲದೆ ಕೂಲಿಂಗ್ ಟವರಿನಲ್ಲೇ ಹೊತ್ತು ಸಾಗೀತು. ವಿದ್ಯುತ್ತು ಉಳಿದೀತು, ಆವಿಯಾದ ನೀರು ಉಳಿಯದು. ಭೀಮಾ ಬತ್ತಿದರೆ ಸರಡಗಿಯಲ್ಲಿ ಮರಳು ಕಾಣುವ, ಓಣಿಗೆ ಟ್ಯಾಂಕರ್ ಬರುವ ಊರಿದು. ಪಟ್ಟಿಯಲ್ಲಿ ನೀರಿಗೆ ಕಾಲಂ ಇಲ್ಲ. ಒಂದು ಯೂನಿಟ್ಟಿಗೆ ಎಷ್ಟು ಲೀಟರ್ ಎಂದು ಹೇಳುವ ಅಳತೆಯನ್ನು ‘ಗ್ರೀನ್ ಗ್ರಿಡ್’ ಒಕ್ಕೂಟ 2011ರಲ್ಲೇ ರೂಪಿಸಿ ಇಟ್ಟಿದೆ, ಪಟ್ಟಿಗೆ ಹೆಸರು ಕಳಿಸುವವರಿಗೆ ಅದರ ಕಡ್ಡಾಯವಿಲ್ಲ. ದೊಡ್ಡ ಯಂತ್ರವೊಂದು ಈ ಊರಿಗೆ ಬರುತ್ತದೆ ಎಂದು ಯಾರಾದರೂ ಘೋಷಿಸಿದ ದಿನ ನಾನು ಗಿಗಾಫ್ಲಾಪ್ ಕೇಳಲಾರೆ. ಟವರಿಗೆ ಹೋಗುವ ಪೈಪು ಬೆಣ್ಣೆತೊರಾ ಜಲಾಶಯದ್ದೋ, ಬೋರಿನದ್ದೋ, ಅದಕ್ಕೆ ಮೀಟರ್ ಕೂಡಿಸಿದ್ದಾರೋ ಇಲ್ಲವೋ ಎಂದು ಕೇಳುತ್ತೇನೆ.